‘ಇದೇನ್ ಮಹಾ’ ಎನ್ನುವ ಗುತ್ತಿಗೆದಾರರಿಗೊಂದು ಬಹಿರಂಗ ಪತ್ರ

ವಡ್ಡು, ಸಂಡೂರು ತಾಲ್ಲೂಕು

ಮಾನ್ಯ ಗುತ್ತಿಗೆದಾರರೇ,

ವಡ್ಡು, ತೋರಣಗಲ್ಲು ಸುತ್ತಲಿನ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ಆಪರೇಟರ್ ರಜೆ ಹಾಕಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ತಮ್ಮ ಜಾಣತನಕ್ಕೆ ಅಭಿನಂದನೆ. ಹೆಲ್ಪರ್ ಹುಡುಗನನ್ನು ಕರೆದು, “ಊರಾಗ ಟ್ರ್ಯಾಕ್ಟರ್ ಹೊಡಿತೀಯಲ್ಲ, ಇದೇನ್ ಮಹಾ, ಹತ್ತು” ಅನ್ನುತ್ತೀರಿ. ಅಲ್ಲಿಗೆ ತರಬೇತಿ ಮುಗಿಯಿತು!

ಟ್ರ್ಯಾಕ್ಟರ್ ಮುಂದಿನ ಗಾಲಿಯಿಂದ ತಿರುಗುತ್ತದೆ, ಫೋರ್ಕ್‌ಲಿಫ್ಟ್ ಹಿಂದಿನ ಗಾಲಿಯಿಂದ. ಸ್ಟೀರಿಂಗ್ ಎಡಕ್ಕೆ ಎಳೆದರೆ ಗಾಡಿಯ ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತು ಚಹಾ ಕುಡಿಯುವವರು ಅದನ್ನು ತಾವೇ ಊಹಿಸಿಕೊಂಡು ಸರಿದು ನಿಲ್ಲಬೇಕು, ಅಲ್ಲವೇ?

ಇನ್ನು ಲಿವರ್‌ಗಳು. ಒಂದು ಸರಕು ಎತ್ತಲು, ಒಂದು ಫೋರ್ಕ್ ಏರಿಳಿಯುವ ಕಂಬ, ಅಂದರೆ ಮಾಸ್ಟ್ ವಾಲಿಸಲು, ಮತ್ತೊಂದಿದ್ದರೆ ಫೋರ್ಕ್ ಪಕ್ಕಕ್ಕೆ ಸರಿಸಲು. ಸರಕನ್ನು ನೆಲದಿಂದ ಒಂದು ಗೇಣಿನೊಳಗೆ ಇಳಿಸಿ, ಮಾಸ್ಟನ್ನು ಹಿಂದಕ್ಕೆ ವಾಲಿಸಿಯೇ ಗಾಡಿ ಓಡಿಸಬೇಕು. ಇಳಿಜಾರಿನಲ್ಲಿ ಸರಕು ಏರಿನ ಕಡೆಗೇ ಇರಬೇಕು, ಇಳಿಯುವಾಗ ರಿವರ್ಸ್‌ನಲ್ಲೇ ಬರಬೇಕು ಎಂಬ ನಿಯಮಗಳಿವೆ. ಇವೆಲ್ಲ ಸಮಯ ತಿನ್ನುವ ಸಂಗತಿಗಳು. ಎತ್ತಿದ ಎತ್ತರದಲ್ಲೇ ತಿರುಗಿಸಿದರೆ ಲಾರಿ ಬೇಗ ತುಂಬುತ್ತದೆ, ಗಾಡಿ ಮಗುಚದಿದ್ದರೆ.

ಗಾಡಿಯ ಫಲಕದಲ್ಲಿ ‘3000 ಕೆ.ಜಿ.’ ಎಂದು ಓದಿ ನಿಲ್ಲಿಸುವ ತಾವು ಅದರ ಪಕ್ಕದ ‘500 ಮಿ.ಮೀ.’ ಓದುವುದಿಲ್ಲ. ಸರಕಿನ ತೂಕದ ಕೇಂದ್ರ ಫೋರ್ಕಿನ ಬುಡದಿಂದ ಅಷ್ಟು ದೂರದಲ್ಲಿದ್ದರೆ ಮಾತ್ರ ಆ ಮೂರು ಟನ್ ಮಾತು. ಸರಕು ಮುಂದಕ್ಕೆ ಚಾಚಿದಷ್ಟೂ ಎತ್ತುವ ತಾಕತ್ತು ಇಳಿಯುತ್ತದೆ. ಹಿಂದಿನ ಗಾಲಿ ಮೇಲೆದ್ದರೆ ಇಬ್ಬರು ಕೂಲಿಗಳನ್ನು ಹಿಂದೆ ಕೂರಿಸುವ ತಮ್ಮ ಉಪಾಯವಂತೂ ಅದ್ಭುತ. ತಿರುಗಿಸುವ ಗಾಲಿಗಳು ಅವೇ ಎಂಬುದು, ಅವು ನೆಲ ಬಿಟ್ಟರೆ ಸ್ಟೀರಿಂಗ್ ಕೈಯಲ್ಲಿದ್ದರೂ ಗಾಡಿ ಕೈಯಲ್ಲಿಲ್ಲ ಎಂಬುದು ಸಣ್ಣ ವಿಷಯ.

ಸೀಟ್ ಬೆಲ್ಟನ್ನು ಮಡಚಿ ಸೀಟಿನಡಿ ಇಟ್ಟಿದ್ದೀರಿ, ಹೊಸದರಂತೆಯೇ ಉಳಿದಿದೆ. ಗಾಡಿ ಮಗುಚುವಾಗ ಹುಡುಗ ಹೊರಗೆ ಜಿಗಿದರೆ ತಲೆ ಕಾಯಲೆಂದು ಇಟ್ಟ ಛಾವಣಿಯೇ ಅವನ ಮೇಲೆ ಬೀಳುತ್ತದೆ. ಬೆಲ್ಟ್ ಕಟ್ಟಿದವನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಮಗುಚುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಒಳಗೇ ಕೂರಬೇಕು. ಇದನ್ನು ಅವನಿಗೆ ಹೇಳಿದವರಾರು?

ಕೆಲಸಗಾರನಿಗೆ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಕೊಡುವುದು ಕೆಲಸ ಮಾಡಿಸುವವರ ಹೊಣೆ ಎಂದು 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲೇ ಕಲಂ ಸೇರಿತ್ತು. ತಾವು ಅದನ್ನು ಮರೆತಿಲ್ಲ. ಪ್ರತಿವರ್ಷ ಮಾರ್ಚ್ 4ರ ಸುರಕ್ಷತಾ ದಿನದಂದು ಕೈ ಮುಂದೆ ಚಾಚಿ ಪ್ರತಿಜ್ಞೆ ಓದಿಸಿ, ಲಡ್ಡು ಹಂಚುತ್ತೀರಿ.

ಕೊನೆಗೊಂದು ಕೋರಿಕೆ. ಗಾಡಿ ನಿಲ್ಲಿಸಿದಾಗ ಫೋರ್ಕ್ ನೆಲಕ್ಕಿಳಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆಸಿ ತಮ್ಮ ಬಳಿ ಇಟ್ಟುಕೊಳ್ಳಿ. ಕಲಿತವನಿಗೆ ಮಾತ್ರ ಅದನ್ನು ಕೊಡಿ. ಅವನು ಬಾರದ ದಿನ ಲಾರಿ ಕಾಯಲಿ.

ಇಂತಿ,
ಗೋದಾಮಿನ ಬಾಗಿಲಲ್ಲಿ ಓಡಾಡುವವನು