ಭಜಿಭಕ್ಷಣದಿಂದ ಆಯುರ್ವೃದ್ಧಿ: ವಿದ್ಯಾಗಿರಿಯ ನಲವತ್ತು ಜನರ ಸಾಂಖ್ಯಿಕ ಅಧ್ಯಯನ

ಪೀಠಿಕೆ

ಬಾಗಲಕೋಟೆಗೆ ಮೂರು ಮೈ. ಆಲಮಟ್ಟಿಯ ಹಿನ್ನೀರಿಗೆ ಒಂದಷ್ಟು ಓಣಿಗಳನ್ನು ಕೊಟ್ಟು ಉಳಿದ ಹಳೆ ಊರು, ಮನೆ ಕಳಕೊಂಡವರಿಗಾಗಿ ಕಟ್ಟಿದ ನವನಗರ, ಮತ್ತು ವಿದ್ಯಾಗಿರಿ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ 1963ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ 2002ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಆದಕಾರಣ ಸಂಜೆ ಐದಕ್ಕೆ ವಿದ್ಯಾಗಿರಿಯ ಭಜಿ ಅಂಗಡಿಯ ಮುಂದೆ ನಿಂತವರನ್ನು ಮೂರು ವರ್ಗ ಮಾಡಬಹುದು: ಪ್ರಬಂಧ ಬರೆದು ಮುಗಿಸಿದವರು, ಬರೆಯುತ್ತಿರುವವರು, ಬರೆಯಬೇಕಲ್ಲ ಎಂದು ಕೊರಗುತ್ತಿರುವವರು. ನಾಲ್ಕನೆಯ ವರ್ಗದಲ್ಲಿ ಭಜಿ ಕರಿಯುವ ಅಕ್ಕ ಒಬ್ಬಳೇ.

ಇಷ್ಟು ವಿದ್ವಾಂಸರು ಇಷ್ಟು ವರ್ಷ ಇಷ್ಟೊಂದು ಮಿರ್ಚಿ ತಿಂದರೂ, ಅದರಿಂದ ಆಯುಷ್ಯ ಹೆಚ್ಚುತ್ತದೆಯೇ ಎಂದು ಒಬ್ಬರೂ ಕೇಳದಿರುವುದು ಪ್ರಸ್ತುತ ಪ್ರಬಂಧಕಾರನಿಗೆ ನೋವು ತಂದಿತು. ಅವನ ಲ್ಯಾಪ್‌ಟಾಪಿನಲ್ಲಿ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಇತ್ತು. ಪ್ರಶ್ನೆ ಆಮೇಲೆ ಹುಟ್ಟಿತು.

ಪೂರ್ವಸೂರಿಗಳು

ಸಾಂಖ್ಯದರ್ಶನದ ಪ್ರಕಾರ ಪುರುಷ ಬರಿಯ ಸಾಕ್ಷಿ; ಮಾಡುವುದೆಲ್ಲ ಪ್ರಕೃತಿ. ಸಂಶೋಧಕ ಸುಮ್ಮನೆ ಕೂತು ನೋಡುತ್ತಾನೆ, ಎಸ್‌ಪಿಎಸ್‌ಎಸ್ ಕುಣಿಯುತ್ತದೆ. 1933ರಲ್ಲಿ ಮಹಾಲನೋಬಿಸರು ಹೊರಡಿಸಿದ ಸಂಖ್ಯಾಶಾಸ್ತ್ರದ ಪತ್ರಿಕೆಗೆ 'ಸಂಖ್ಯಾ' ಎಂದೇ ಹೆಸರಿಟ್ಟದ್ದು ಈ ವಾದಕ್ಕೆ ಸಾಕಷ್ಟು ಪುರಾವೆ ಎಂದು ನಾವು ತಿಳಿಯುತ್ತೇವೆ.

ಟಿ-ಪರೀಕ್ಷೆಯ ಕರ್ತೃ ವಿಲಿಯಂ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬೀರು ಕಾರ್ಖಾನೆಯ ನೌಕರ. ನೌಕರರು ಸ್ವಂತ ಹೆಸರಿನಲ್ಲಿ ಲೇಖನ ಪ್ರಕಟಿಸಬಾರದೆಂಬ ಕಟ್ಟಳೆ ಇದ್ದುದರಿಂದ 1908ರಲ್ಲಿ 'ಸ್ಟೂಡೆಂಟ್' ಎಂಬ ಅಂಕಿತದಲ್ಲಿ ಬರೆದ. ಕೂಡಲಸಂಗಮವಿರುವ ಜಿಲ್ಲೆಯವರಿಗೆ ಅಂಕಿತನಾಮದ ಮಹತ್ವ ಹೇಳಿಕೊಡಬೇಕಿಲ್ಲ. ಬೀರಿನಿಂದ ಹುಟ್ಟಿದ ವಿದ್ಯೆ ಭಜಿಯ ಬಳಿ ಬಂದು ಸೇರಿದ್ದರಲ್ಲಿ ಅಸಹಜವಾದದ್ದು ಏನೂ ಇಲ್ಲ.

1925ರಲ್ಲಿ ರೊನಾಲ್ಡ್ ಫಿಶರ್ ಪುಸ್ತಕವೊಂದನ್ನು ಬರೆದು, ಫಲಿತಾಂಶ ಗಣನೀಯವೋ ಅಲ್ಲವೋ ಎಂದು ತೀರ್ಮಾನಿಸಲು ಇಪ್ಪತ್ತರಲ್ಲಿ ಒಂದು, ಅಂದರೆ 0.05, ಎಂಬ ಗೆರೆ ಅನುಕೂಲಕರ ಎಂದ. ಅವನು ಎಳೆದದ್ದು ರಂಗೋಲಿಯ ಗೆರೆ. ಶಿಷ್ಯರು ಅದನ್ನು ಲಕ್ಷ್ಮಣರೇಖೆ ಮಾಡಿದರು. ಪಿ-ಮೌಲ್ಯ 0.049 ಆದರೆ ಪ್ರಬಂಧ, 0.051 ಆದರೆ ಪ್ರಾರಬ್ಧ.

ನಮ್ಮ ಸೀಮೆಯ ಹೆಸರನ್ನೂ ಸ್ಮರಿಸಬೇಕು. 1920ರಲ್ಲಿ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರಲ್ಲಿ ಒಂದು ಮಾತನ್ನು ಸಾಧಿಸಿ ತೋರಿಸಿದರು: ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಜಾಣತನದಿಂದ ಕಟ್ಟಿದರೂ ಅದರ ಅಲ್ಲಾಟ ಒಂದು ಮಿತಿಗಿಂತ ಕೆಳಗಿಳಿಯದು. ಜಾಣತನಕ್ಕೆ ತಳವಿದೆ ಎಂದಾಯಿತು. ಪೆದ್ದತನಕ್ಕೆ ಮೇಲ್ಮಿತಿ ಉಂಟೇ ಎಂಬುದನ್ನು ಅವರು ಮುಂದಿನವರಿಗೆ ಬಿಟ್ಟರು. ಆ ಕೆಲಸ ಈ ಪ್ರಬಂಧದಲ್ಲಿ ಕೈಗೂಡಿದೆ.

ಸಾಮಗ್ರಿ ಮತ್ತು ವಿಧಾನ

ಎಷ್ಟು ಜನರನ್ನು ಕೇಳಬೇಕು? ವೈದ್ಯಕೀಯ ಪ್ರಬಂಧಗಳ ಗಾಯತ್ರಿ ಮಂತ್ರ ಇದಕ್ಕಿದೆ: ನಾಲ್ಕು ಪಿಕ್ಯು ಭಾಗಿಸು ಡಿ ವರ್ಗ. ಪಿ ಎಂದರೆ ಶೇಕಡಾ 50, ಕ್ಯು ಎಂದರೆ ನೂರರಲ್ಲಿ ಉಳಿದದ್ದು ಎಂದು ಹಿಡಿದು, ಡಿ ಎಂಬ ತಪ್ಪಿನ ಸಲಿಗೆಯನ್ನು 5 ಎಂದರೆ 400 ಜನ ಬೇಕು. 10 ಎಂದರೆ 100 ಜನ. ನಮಗೆ ಸಿಕ್ಕವರು 40. ಡಿಯನ್ನು 15.8ಕ್ಕೆ ಎಳೆದ ಕೂಡಲೇ ಸೂತ್ರವೂ 40 ಎಂದಿತು. ಅಂಗಿಗೆ ತಕ್ಕಂತೆ ಮೈ ಹೊಲಿಯುವ ಈ ವಿಧಾನ ನಮ್ಮದೇ ಆವಿಷ್ಕಾರ ಎಂದು ಹೇಳಿಕೊಳ್ಳುವಷ್ಟು ಅಹಂಕಾರ ನಮಗಿಲ್ಲ.

ಪ್ರತಿಯೊಬ್ಬರ ವಯಸ್ಸು, ಒಮ್ಮೆ ಕೂತಾಗ ತಿನ್ನುವ ಮಿರ್ಚಿ, ಬಿ.ಪಿ. ಮತ್ತು ಇಪ್ಪತ್ತು ಬಗೆಯ ಬೇನೆಗಳನ್ನು ಎಕ್ಸೆಲ್‌ನ ಮಾಸ್ಟರ್ ಚಾರ್ಟಿಗೆ ತುಂಬಿದೆವು. ವಯಸ್ಸು ಗೊತ್ತಿಲ್ಲ ಎಂದ ಇಬ್ಬರಿಗೆ ರೂಢಿಯಂತೆ 999 ಎಂಬ ಗುರುತು ಹಾಕಿದೆವು. ಅದು ಗುರುತೇ ಹೊರತು ವಯಸ್ಸಲ್ಲ ಎಂದು ಎಸ್‌ಪಿಎಸ್‌ಎಸ್‌ಗೆ ತಿಳಿಸಲು ಒಂದು ಕಾಲಮ್ಮು ಇದೆ. 1968ರಿಂದ ಲೆಕ್ಕ ಮಾಡುತ್ತಿರುವ ಯಂತ್ರಕ್ಕೆ ಇಷ್ಟು ಚಿಕ್ಕ ಮಾತು ಹೇಳಿ ಅವಮಾನಿಸಬಾರದೆಂದು ಸುಮ್ಮನಿದ್ದೆವು.

ಫಲಿತಾಂಶ

ಒಂದು: ಭಜಿಭೋಕ್ತೃಗಳ ಸರಾಸರಿ ವಯಸ್ಸು 72.75 ವರ್ಷ. ಭಾರತೀಯರ ಸರಾಸರಿ ಆಯುಷ್ಯ 70ರ ಆಸುಪಾಸು. ಆದ್ದರಿಂದ ಮಿರ್ಚಿ ಆಯುರ್ವರ್ಧಕ. ಇದರ ಮಾನಕ ವಿಚಲನೆ 215. ಅಂದರೆ ಸರಾಸರಿಯಿಂದ ಒಂದು ಹೆಜ್ಜೆ ಕೆಳಗಿಳಿದರೆ ವಯಸ್ಸು ಮೈನಸ್ 142. ಹುಟ್ಟುವುದಕ್ಕೆ ನೂರ ನಲವತ್ತೆರಡು ವರ್ಷ ಮೊದಲೇ ಬಂದು ಭಜಿ ತಿಂದು ಹೋದ ಗಿರಾಕಿಗಳಿದ್ದಾರೆ. ಭಜಿಯ ಸೆಳೆತಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡು: ಒಬ್ಬ ಹಾಸ್ಟೆಲ್ ಹುಡುಗ ಒಮ್ಮೆ ಕೂತಾಗ 45,353 ಮಿರ್ಚಿ ತಿಂದಿದ್ದಾನೆ. ಅವನು ಹೇಳಿದ್ದು 'ಎರಡ್ಮೂರು'. ನಾವು ಬರೆದದ್ದು 2-3. ಎಕ್ಸೆಲ್ ಅದನ್ನು ಮಾರ್ಚ್ 2 ಎಂದು ಓದಿತು. ಅದನ್ನು ಮತ್ತೆ ಸಂಖ್ಯೆ ಮಾಡಿದಾಗ, 1900ರಿಂದ ಎಣಿಸಿಕೊಂಡು ಬಂದ ದಿನಗಳ ಲೆಕ್ಕ ಹೊರಬಿತ್ತು. ವರ್ಷ 2024 ಆಗಿತ್ತು. ಓದುಗರು ನಗಬಾರದು. ಸೆಪ್ಟ್2 ಎಂಬ ಜೀನನ್ನು ಇದೇ ಎಕ್ಸೆಲ್ ಸೆಪ್ಟೆಂಬರ್ 2 ಮಾಡುತ್ತಿತ್ತು. ಇಂಥ ತಪ್ಪು ಜಗತ್ತಿನ ಪ್ರತಿಷ್ಠಿತ ಪತ್ರಿಕೆಗಳೊಳಗೂ ನುಸುಳಿತ್ತು. ಕೊನೆಗೆ 2020ರಲ್ಲಿ, ಎಕ್ಸೆಲ್ ಬದಲಾಗದ ಕಾರಣ, ಮನುಷ್ಯನ ಜೀನುಗಳ ಹೆಸರನ್ನೇ ಬದಲಾಯಿಸಿದರು. ಅತ್ತೆ ಬದಲಾಗದಿದ್ದರೆ ಸೊಸೆಯ ಹೆಸರು ಬದಲಾಯಿಸುವುದು ನಮ್ಮಲ್ಲೂ ಇದ್ದ ಪದ್ಧತಿಯೇ.

ಮೂರು: ಇಪ್ಪತ್ತು ಬೇನೆಗಳನ್ನು ಭಜಿಯೊಂದಿಗೆ ಒಂದೊಂದಾಗಿ ಹೋಲಿಸಿದಾಗ ಹತ್ತೊಂಬತ್ತು ಕೈಕೊಟ್ಟವು. ಎಡಗಿವಿಯ ತುರಿಕೆ ಮಾತ್ರ ಪಿ-ಮೌಲ್ಯ 0.03ರೊಂದಿಗೆ ಬೆಳಗಿತು. ಬಲಗಿವಿಗೆ ಭಜಿ ಏನೂ ಮಾಡಲಿಲ್ಲ. ಸುಳ್ಳು ಸಂಬಂಧಗಳನ್ನೇ ಇಪ್ಪತ್ತು ಸಲ ಪರೀಕ್ಷಿಸಿದರೂ ಒಂದಾದರೂ ಸುಮ್ಮನೆ 'ಗಣನೀಯ' ಎನಿಸುವ ಸಂಭವ ಶೇಕಡಾ 64, ಅದಕ್ಕಾಗಿ 0.05ನ್ನು ಇಪ್ಪತ್ತರಿಂದ ಭಾಗಿಸಿ 0.0025ರ ಗೆರೆ ಇಟ್ಟುಕೊಳ್ಳಬೇಕು ಎಂಬ ಪೂರ್ವಪಕ್ಷವಿದೆ. ಹಾಗೆ ಮಾಡಿದರೆ ಪ್ರಬಂಧ ಉಳಿಯುವುದಿಲ್ಲವಾದ್ದರಿಂದ ಆ ಪಕ್ಷವನ್ನು ಖಂಡಿಸಲಾಗಿದೆ.

ನಾಲ್ಕು: ಬಿ.ಪಿ. ಹಾಳೆಯನ್ನೂ ಭಜಿ ಹಾಳೆಯನ್ನೂ ಜೋಡಿಸುವಾಗ ಒಂದು ಸಾಲು ಜಾರಿತು. ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೆ ನೇಕಾರನ ಬೆರಳಿಗೇ ಗೊತ್ತಾಗುತ್ತದೆ. ನಮ್ಮ ತಂತ್ರಾಂಶಕ್ಕೆ ಬೆರಳಿಲ್ಲ. ಇಪ್ಪತ್ತೊಂದರ ಹುಡುಗನಿಗೆ 170/100 ಬಂದು, ಅವನ ಮೇಲಿನ ಸಾಲಿನ ಅಜ್ಜಿಗೆ 110/70 ಹೋಯಿತು. ಮಿರ್ಚಿ ಮುದುಕರ ಬಿ.ಪಿ. ಇಳಿಸುತ್ತದೆ ಎಂಬ ಉಪಸಿದ್ಧಾಂತ ಹೀಗೆ ಹುಟ್ಟಿತು.

ಚರ್ಚೆ

ಈ ಸತ್ಯಗಳನ್ನು ಬಣ್ಣದ ಪಟ್ಟಿಯಲ್ಲಿ ಮುದ್ರಿಸಿಕೊಂಡು ಅಂಗಡಿಗೆ ಹೋದೆವು. ಅಕ್ಕ ಎಣ್ಣೆಯೊಳಗಿನ ಜಾಲರಿ ಬಿಡದೆ ಹಾಳೆಯ ಮೇಲೆ ಕಣ್ಣಾಡಿಸಿದಳು.

“ಸರ್, ಒಂಬೈನೂರ ತೊಂಬತ್ತೊಂಬತ್ತು ವರ್ಷದಾವ್ರು ಯಾರ್ರೀ ಇವ್ರು? ಬಸವಣ್ಣ ಹುಟ್ಟೂಕಿಂತ ನೂರು ವರ್ಷ ಮದಲ ಹುಟ್ಟಿದ ಗಿರಾಕಿ ನಮ್ಮಲ್ಲಿ ಇಲ್ರೀ. ಇದ್ದಿದ್ರ ಉದ್ರಿ ಎಷ್ಟ್ ಆಗಿರ್ತಿತ್ತು!”

“ಅದು ವಯಸ್ಸಲ್ಲವ್ವಾ, ಗುರುತು.”

“ಮತ್ತ ಗುರುತು ಕೂಡಿಸಿ ಭಾಗ್ಸಿದ್ರೆಲ್ಲರೀ!”

ಪ್ರಬಂಧದ ಪರಿಶೀಲಕರಾಗಿ ಯಾರನ್ನು ಕರೆಯಬೇಕಿತ್ತೆಂದು ಆಗ ಹೊಳೆಯಿತು. ಗಿಣಿಶಾಸ್ತ್ರದವನ ಗಿಣಿಗೆ ಪಂಜರದ ಬಾಗಿಲು ತೆಗೆದರೆ ಸಾಕು, ಯಾವುದೋ ಒಂದು ಕಾರ್ಡು ಎಳೆಯುತ್ತದೆ. ಎದುರಿಗೆ ಕೂತವನು ಮದುಮಗನೋ ಮುದುಕನೋ ಎಂದು ಕೇಳುವುದಿಲ್ಲ. ನಮ್ಮ ತಂತ್ರಾಂಶವೂ ಅಂಥದೇ ಗಿಣಿ. ಅದರ ಬದಲಿಗೆ ಆಕ್ಲೆಂಡಿನ ಇಬ್ಬರು ಪ್ರಾಧ್ಯಾಪಕರು ಹುಟ್ಟುಹಾಕಿ ಪುಕ್ಕಟೆ ಬಿಟ್ಟ 'ಆರ್' ಭಾಷೆಯನ್ನು ಕೂರಿಸಿದರೂ ಅಷ್ಟೆ. ಅದು 999ನ್ನು ಇನ್ನೂ ಬೇಗ ಭಾಗಿಸುತ್ತದೆ. ಕೇಳುವ ಕೆಲಸ ಪಂಜರದ ಹೊರಗಿನವನದು.

ತಿದ್ದುಪಡಿ

ಆ ಇಬ್ಬರನ್ನು ತೆಗೆದುಹಾಕಿದೆವು. ಉಳಿದ 38 ಜನರ ಸರಾಸರಿ 24ಕ್ಕೆ ಇಳಿಯಿತು. ಮೈನಸ್ ವಯಸ್ಸಿನವರು ಮಾಯವಾದರು, ಆಯುರ್ವೃದ್ಧಿಯೂ ಮಾಯವಾಯಿತು. ಮಾಸ್ಟರ್ ಚಾರ್ಟು ಸ್ವಚ್ಛವಾಯಿತು. ತಂತ್ರಾಂಶ ಈಗಲೂ ಏನೂ ಹೇಳಲಿಲ್ಲ. ನಾವು ಅದನ್ನು ಸಮ್ಮತಿ ಎಂದುಕೊಂಡೆವು.

ಮಾರನೆಯ ದಿನ ಅಂಗಡಿಯಲ್ಲಿ ಮೆಣಸಿನಕಾಯಿ ಸೀಳುತ್ತಿದ್ದ ಅಕ್ಕನ ಅತ್ತೆ ಕೇಳಿದಳು, “ತಮ್ಮಾ, ಅವತ್ತ ಬಿ.ಪಿ. ನೋಡಿದ್ಯಲ್ಲ, ನನ್ನ ಎಲ್ಲಿ ಬರದೀ?”

ಬರೆದು ಅಳಿಸಿದ್ದೆವು. ತೆಗೆದ ಇಬ್ಬರಲ್ಲಿ ಒಬ್ಬಳು ಇವಳು, ಇನ್ನೊಬ್ಬ ಇವಳ ಅಣ್ಣ. ನಲವತ್ತು ಜನರಲ್ಲಿ ಮುದುಕರೆಂದರೆ ಇವರಿಬ್ಬರೇ, ವಯಸ್ಸು ಗೊತ್ತಿಲ್ಲದವರೂ ಇವರಿಬ್ಬರೇ. ಹುಟ್ಟಿದ ತಾರೀಖು ಬರೆದಿಡದ ಕಾಲದಲ್ಲಿ ಹುಟ್ಟಿದ್ದರಿಂದಲೇ ಅವರ ಖಾನೆ ಖಾಲಿ ಇತ್ತು. ಖಾಲಿ ಖಾನೆಯನ್ನು ಅಳಿಸಿದಾಗ ನಾವು ಅಳಿಸಿದ್ದು ಮುಪ್ಪನ್ನು. ಮೊದಲು ಅವರಿಗೆ ಸಾವಿರ ವರ್ಷ ಕೊಟ್ಟಿದ್ದೆವು. ತಿದ್ದಿದ ಮೇಲೆ ಅವರು ಹುಟ್ಟಿಯೇ ಇರಲಿಲ್ಲ.

“ಯವ್ವಾ, ವಯಸ್ಸು ಗೊತ್ತಿಲ್ಲಂದ್ಯಲ್ಲ?”

“ನೀ ಎಷ್ಟ್ ವರ್ಷ ಅಂತ ಕೇಳಿದಿ. ಯಾವಾಗಿನಾಕಿ ಅಂತ ಕೇಳಿದ್ರ ಹೇಳ್ತಿದ್ದೆ. ಇಲ್ಲಿ ಇಂಜಿನಿಯರಿಂಗ್ ಕಾಲೇಜು ಸುರುವಾದ ವರ್ಷ ನನ್ನ ಲಗ್ನ ಆತು. ಆಗ ಹದಿನಾಕೋ ಹದಿನೈದೋ.”

1963ರಲ್ಲಿ ಹದಿನೈದು. ಲೆಕ್ಕಕ್ಕೆ ತಂತ್ರಾಂಶ ಬೇಕಾಗಲಿಲ್ಲ. ಅಳಿಸಿದ ಸಾಲನ್ನು ಮತ್ತೆ ತೆರೆದು 76 ಎಂದು ಬರೆದು, ಜಾರಿದ್ದ 170/100ನ್ನೂ ಆಕೆಯ ಹೆಸರಿನ ಮುಂದೆ ತಂದಿಟ್ಟೆವು. ಆ ಅಂಕಿ ನೋಡಿದ ಮೇಲೆ ಆಕೆಯನ್ನು ಡಾಕ್ಟರ ಹತ್ತಿರ ಕಳಿಸಬೇಕೆಂದು ಅಕ್ಕನಿಗೆ ಹೇಳಿದೆವು. ಈ ಅಧ್ಯಯನದಿಂದ ಲೋಕಕ್ಕೆ ಆದ ಉಪಯೋಗ ಇದೊಂದೇ. ಇದಕ್ಕೆ ಪಿ-ಮೌಲ್ಯ ಲೆಕ್ಕ ಹಾಕಿಲ್ಲ.

ಮಿತಿಗಳು

ಎಡಗಿವಿಯ ವಿಷಯದಲ್ಲಿ ಹೆಚ್ಚಿನ ಸಂಶೋಧನೆ ಅಗತ್ಯವಿದೆ. ಅಜ್ಜಿಯ ಅಣ್ಣ ಯಾವಾಗಿನವನು ಎಂದು ಇನ್ನೂ ಕೇಳಬೇಕಾಗಿದೆ. ಅವನು ಸೋಮವಾರ ಸಂತೆಗೆ ಬರುತ್ತಾನಂತೆ. ಅಲ್ಲಿಯ ತನಕ ಪ್ರಬಂಧವನ್ನು ತಡೆಹಿಡಿಯಲಾಗಿದೆ.