ವಾಟರ್ ಪಾರ್ಕಿನಲ್ಲಿ ಅಚ್ಚುಕಟ್ಟಿನ ಅಜ್ಜ

ಬೇಸಿಗೆ ರಜೆಯಲ್ಲಿ ಬಿಡದಿಯ ವಂಡರ್‌ಲಾ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು, ಇವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಬಿಳಿ ಪಂಚೆ, ತುಂಬುತೋಳಿನ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್, ಕಂಕುಳಲ್ಲಿ ಎರಡು ವರ್ಷದ ಮೊಮ್ಮಗ. ಊರು ಕತ್ತಲಗೆರೆಯೋ ಬಸವಾಪಟ್ಟಣವೋ, ಅಂತೂ ಚನ್ನಗಿರಿ ತಾಲ್ಲೂಕು, ಭದ್ರಾ ಬಲದಂಡೆ ಕಾಲುವೆಯ ಆಸುಪಾಸು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. "ಅಪ್ಪಾಜಿ, ಮಗೂಗೆ ನೀರು ಅಂದ್ರೆ ಇಷ್ಟ, ನೀವೂ ಬನ್ನಿ" ಎಂದು ಕರೆದಿದ್ದಾನೆ. ನೀರು ಎಂಬ ಮಾತು ಕೇಳಿ ಇವರು ಹೊರಟಿದ್ದಾರೆ.

ಇವರ ದಿನ ಶುರುವಾಗುವುದು ಪೇಪರಿನಲ್ಲಿ ಭದ್ರಾ ಡ್ಯಾಮಿನ ಮಟ್ಟ ನೋಡುವುದರಿಂದ. ತುಂಬಿದರೆ 186 ಅಡಿ, 71.5 ಟಿಎಂಸಿ, ಇದು ಮಕ್ಕಳ ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ನೆನಪಿರುತ್ತದೆ. ಆಮೇಲೆ ರಾಶಿ ಅಡಿಕೆಯ ಧಾರಣೆ, ಆಮೇಲೆ ನಿಧನ ವಾರ್ತೆ. ರಾಜ್ಯದ ರಾಜಕಾರಣ ಉಳಿದ ಪುಟಗಳಲ್ಲಿ ಇದ್ದರೆ ಇರಲಿ. ಗಂಡು-ಹೆಣ್ಣು ನೋಡುವಾಗಲೂ ಇವರು ಮೊದಲು ಕೇಳುವುದು, "ಜಮೀನು ತೂಬಿನ ಮೇಲಕ್ಕೋ, ಕೆಳಕ್ಕೋ?"

ಗೇಟಿನಲ್ಲಿ ಮೊದಲ ಸಮರ. ಇಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸಿನ ಲೆಕ್ಕವಿಲ್ಲ, ಎತ್ತರದ ಲೆಕ್ಕ. 85 ಸೆಂಟಿಮೀಟರಿಗಿಂತ ಕೆಳಗಿದ್ದರೆ ಪುಕ್ಕಟೆ. ಎರಡು ವರ್ಷದ ಕೂಸು ಸರಿಯಾಗಿ ಆ ಗೆರೆಯ ಬಳಿಯೇ ನಿಂತಿರುವಂಥದ್ದು. ಮನೆಯಿಂದ ಹೊರಡುವಾಗಲೇ ಅಜ್ಜ ಬಾಗಿಲ ಚೌಕಟ್ಟಿಗೆ ಒರಗಿಸಿ ಅಳತೆ ತೆಗೆದಿದ್ದಾರೆ. "ಎಂಬತ್ತೈದೂವರೆ ಐತೆ. ಅರ್ಧ ಅಲ್ವಾ, ಕೂದಲು ಒತ್ತಿದ್ರೆ ಆಯ್ತು." ಅಳತೆಯ ಕಂಬದ ಮುಂದೆ ಮಗುವನ್ನು ನಿಲ್ಲಿಸಿ, ಆಶೀರ್ವಾದ ಮಾಡುವವರಂತೆ ತಲೆಯ ಮೇಲೆ ಕೈಯಿಟ್ಟು ಒತ್ತುತ್ತಾರೆ. "ಮಂಡಿ ಬಗ್ಸು ಪುಟ್ಟ." ಪುಟ್ಟನಿಗೆ ಕಂಬದ ಮೇಲಿನ ಬೊಂಬೆ ಕಂಡಿದೆ. ಅದನ್ನು ಮುಟ್ಟಲು ತುದಿಗಾಲಿನಲ್ಲಿ ನಿಂತು ಕೈ ಮೇಲೆತ್ತುತ್ತಾನೆ. ಟಿಕೆಟ್ ಹರಿಯಲಾಗುತ್ತದೆ. "ಎರಡು ಕ್ವಿಂಟಾಲ್ ಭತ್ತ ಗೇಟಲ್ಲೇ ಹೋಯ್ತು" ಎಂದು ಅಜ್ಜ ಯಾರಿಗೂ ಅಲ್ಲವೆಂಬಂತೆ, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

ಅಜ್ಜಿಯ ಮಂಡಕ್ಕಿ-ಖಾರದ ಚೀಲ ಅಲ್ಲಿಗೇ ನಿಲ್ಲುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ದಾವಣಗೆರೆ ಸೀಮೆಯವರಿಗೆ ಮಂಡಕ್ಕಿ ಬಿಟ್ಟು ಹೋಗುವುದೆಂದರೆ ಏನೆಂದು ಬೇರೆ ಜಿಲ್ಲೆಯವರಿಗೆ ವಿವರಿಸುವುದು ಕಷ್ಟ, ಆ ಪ್ರಯತ್ನ ಬಿಡುತ್ತೇನೆ.

ನಿಜವಾದ ತೊಡಕು ಬರುವುದು ಬಟ್ಟೆಯಲ್ಲಿ. ಅಜ್ಜ ಪಂಚೆ ಕಳಚಿ, ಮಡಿಸಿ, ಸೊಸೆಯ ಕೈಗೆ ಕೊಟ್ಟು, ಪಟಾಪಟಿ ಚಡ್ಡಿಯಲ್ಲಿ ಹೊರಬರುತ್ತಾರೆ. ಮಂಡಿಯವರೆಗಿನ, ನೀಲಿ ಪಟ್ಟೆಯ, ಲಾಡಿಯ, ಬೆನ್ನ ಕಡೆ ನಾಲ್ಕು ಜನ ಕೂರುವಷ್ಟು ಅಗಲವಾದ ಹತ್ತಿಯ ಚಡ್ಡಿ. ಸೂಲೆಕೆರೆಯಲ್ಲಿ ಈಜಿದ, ಗದ್ದೆಯಲ್ಲಿ ಮಡೆ ಕಟ್ಟಿದ ಚಡ್ಡಿ ಅದು. ಕಾವಲಿನ ಹುಡುಗ ಅಡ್ಡ ಬರುತ್ತಾನೆ.

"ಸರ್, ಕಾಟನ್ ಅಲೋ ಇಲ್ಲ. ನೈಲಾನೇ ಆಗಬೇಕು."

"ಯಾಕಪ್ಪ? ಹತ್ತಿ ಬಟ್ಟೆ ಮೈಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳ್ತಾರೆ."

"ಎಳೆ ಬಿಟ್ಕೊಂಡು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ ಸರ್."

ಫಿಲ್ಟರ್ ಎಂದ ಕೂಡಲೇ ಅಜ್ಜನ ಕೋಪ ಇಳಿಯುತ್ತದೆ. ಡ್ರಿಪ್ ಹಾಕಿಸಿದ ತೋಟದವರು ಅವರು. ಫಿಲ್ಟರ್ ಕಟ್ಟಿಕೊಂಡರೆ ಏನಾಗುತ್ತದೆಂದು ಬೇರೆಯವರು ಹೇಳಬೇಕಿಲ್ಲ. ತಕರಾರಿಲ್ಲದೆ ಅಂಗಡಿಗೆ ಹೋಗುತ್ತಾರೆ. ಅವರ ಸೊಂಟಕ್ಕೆ ಸಿಗುವುದು ಒಂದೇ ಒಂದು ಚಡ್ಡಿ: ಕಡುಗುಲಾಬಿ ಬಣ್ಣದ್ದು, ಮೇಲೆ ಹಳದಿ ಅನಾನಸ್ ಚಿತ್ರ. ಮಗ ಒಂದು ಫೋಟೊ ತೆಗೆಯುತ್ತಾನೆ. ಅಜ್ಜ ಅದನ್ನು ಗಮನಿಸುವುದಿಲ್ಲ.

ಆಮೇಲೆ ಪಾರ್ಕಿನ ತಪಾಸಣೆ ಶುರು. ಹೌದು, ಆಟವಲ್ಲ, ತಪಾಸಣೆ. ಟ್ಯೂಬಿನ ಮೇಲೆ ಮಲಗಿ ತೇಲಿಹೋಗುವ ಲೇಜಿ ರಿವರ್ ಎಂಬುದೊಂದಿದೆಯಲ್ಲ, ಅದರಲ್ಲಿ ಮಿಕ್ಕವರು ಕಣ್ಣುಮುಚ್ಚಿ ತೇಲುತ್ತಿದ್ದರೆ ಅಜ್ಜ ದಂಡೆಯ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ.

"ಲೈನಿಂಗ್ ಚೆನ್ನಾಗಿ ಮಾಡ್ಯಾರೆ. ಒಂದು ಬಿರುಕಿಲ್ಲ, ಹೂಳಿಲ್ಲ, ಜೊಂಡಿಲ್ಲ. ಕೊನೇ ಭಾಗ ಎಲ್ಲೈತಮ್ಮ?"

"ಕೊನೆ ಇಲ್ಲ ಮಾವ. ಸುತ್ತಿಕೊಂಡು ಇಲ್ಲಿಗೇ ಬರುತ್ತೆ."

ಅಜ್ಜ ನಿಂತುಬಿಡುತ್ತಾರೆ. ಕೊನೇ ಭಾಗದ ರೈತರೇ ಇಲ್ಲದ ಕಾಲುವೆ! ಹಾಗಾದರೆ ಅಕ್ರಮ ಪಂಪ್‌ಸೆಟ್ ಇಲ್ಲ, ರಾತ್ರಿ ತೂಬು ಕಾಯುವ ಸೌಡಿ ಇಲ್ಲ, ಮಲವಗೊಪ್ಪದ ಅಚ್ಚುಕಟ್ಟು ಪ್ರಾಧಿಕಾರದ (ಕಾಡಾ) ಕಚೇರಿಯಲ್ಲಿ ನೀರಾವರಿ ಸಲಹಾ ಸಮಿತಿಯ ಮೀಟಿಂಗಿಲ್ಲ, ಹೆದ್ದಾರಿ ತಡೆಯಿಲ್ಲ. 2023ರಲ್ಲಿ ದಾವಣಗೆರೆ ಬಂದ್ ಆದದ್ದು ಭದ್ರಾ ಕಾಲುವೆಯ ನೀರಿಗೇ. ಇವರೂ ಆವತ್ತು ಹಸಿರು ಶಾಲು ಹೊದ್ದು ರಸ್ತೆಯಲ್ಲಿ ಕೂತಿದ್ದವರು. ಮುಂದಿನ ಬೇಸಿಗೆಗೆ ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದವರು. ದಂಡೆಯಿಂದ ಬಗ್ಗಿ ಒಂದು ಬೊಗಸೆ ನೀರೆತ್ತಿ ಮೂಸಿ ನೋಡುತ್ತಾರೆ. ಕ್ಲೋರಿನ್ ವಾಸನೆ. "ಇದನ್ನ ಅಡಿಕೆಗೆ ಬಿಟ್ರೆ ಸುಳಿ ಒಣಗ್ತದೆ" ಎಂದು ಅವರು ಷರಾ ಬರೆದ ಮೇಲೆ ಮನಸ್ಸಿಗೆ ಸ್ವಲ್ಪ ಸಮಾಧಾನ.

ಇಷ್ಟಕ್ಕೂ ಬಂದದ್ದು ಮಗುವಿಗಾಗಿ. ಚಿಕ್ಕ ಮಕ್ಕಳ ಕೊಳದಲ್ಲಿ ಮೇಲೊಂದು ದೊಡ್ಡ ಬಕೆಟ್ ನೇತಾಡುತ್ತಿದೆ. ತುಂಬಿದಾಗ ಮಗುಚಿಕೊಂಡು ಎಲ್ಲರ ತಲೆಯ ಮೇಲೆ ಸುರಿಯುತ್ತದೆ. ಮಿಕ್ಕ ಮಕ್ಕಳು ಅದರ ಕೆಳಗೇ ಕಾಯುತ್ತವೆ. ಒಂದು ಸಲ ಸುರಿದದ್ದೇ ತಡ, ಪುಟ್ಟ ಕಿಟಾರನೆ ಕಿರುಚಿ ಅಪ್ಪನ ಕತ್ತಿಗೆ ಜೋತುಬೀಳುತ್ತಾನೆ. ಜಾರುಬಂಡೆ ಬೇಡ, ಆನೆಯ ಸೊಂಡಿಲಿನ ಕಾರಂಜಿ ಬೇಡ, ಅಣಬೆಯ ಕೊಡೆ ಬೇಡ. ಅವನಿಗೆ ಹಿಡಿಸುವುದು ಒಂದೇ: ಕೊಳಕ್ಕೆ ಇಳಿಯುವ ಮುನ್ನ ಕಾಲು ತೊಳೆಯಲೆಂದು ಮಾಡಿರುವ ಅಂಗೈಯಗಲ ಆಳದ ತಗ್ಗು. ಅದರಲ್ಲಿ, ನೀರು ಹೊರಗೆ ಹೋಗುವ ತೂತಿನ ಮೇಲೆ ಸರಿಯಾಗಿ ಕುಂಡೆಯೂರಿ ಕೂರುತ್ತಾನೆ. ತೂತು ಮುಚ್ಚುತ್ತದೆ. ನೀರು ಏರುತ್ತದೆ. ತಗ್ಗು ತುಂಬಿ ದಾರಿಗೆ ಹರಿಯುತ್ತದೆ. ಅವನು ಏಳುತ್ತಾನೆ, ನೀರು ಗೊಳಗೊಳ ಇಳಿಯುತ್ತದೆ. ಮತ್ತೆ ಕೂರುತ್ತಾನೆ. ಹಿಂದೆ ಕ್ಯೂ ನಿಂತವರು ಅವನನ್ನು ದಾಟಿಕೊಂಡು ಹೋಗಬೇಕು.

ಸೊಸೆಗೆ ನಾಚಿಕೆ. "ಎದ್ದೇಳೋ, ಇಷ್ಟು ದುಡ್ಡು ಕೊಟ್ಟು ಕಾಲು ತೊಳೆಯೋ ನೀರಲ್ಲಿ ಕೂತಿದ್ದೀಯ!"

ಅಜ್ಜನ ಕಣ್ಣು ಅರಳಿಹೋಗಿದೆ. "ಬಿಡಮ್ಮ, ಬಿಡು! ತೂಬು ಹಾಕೋದು ಕಲಿತಾ ಅದಾನೆ. ಸಿದ್ದನ ತೂಬು, ಬಸವನ ತೂಬು ಅಂತ ಸೂಲೆಕೆರೆಗೆ ಎರಡೇ ಇರೋದು, ಇದು ಮೂರನೇದು." ಮೊಮ್ಮಗನಿಗೆ ಕನ್ನಡ ಸರಿಯಾಗಿ ಬರುವುದಿಲ್ಲವೆಂಬ ಕೊರಗೊಂದು ಇವರಿಗಿತ್ತು. ಅದು ಆ ಕ್ಷಣಕ್ಕೆ ಕೊಚ್ಚಿಹೋಗುತ್ತದೆ.

ಮಗು ಅಲ್ಲಿ ಕೂತಿರುವಾಗ ಅಜ್ಜ "ಸುಮ್ನೆ ಒಂದ್ಸಲ ನೋಡ್ಕಂಡು ಬರ್ತೀನಿ" ಎಂದು ಅಲೆಯ ಕೊಳದ ಕಡೆ ಹೋಗುತ್ತಾರೆ. ಮೊದಲು ಹೆಜ್ಜೆಯಲ್ಲಿ ಅಳೆಯುತ್ತಾರೆ. ಉದ್ದ 120 ಅಡಿ ಎಂದಿಟ್ಟುಕೊಳ್ಳೋಣ, ಅಗಲ 60, ಆಳ ಒಂದು ಕಡೆ ಸೊನ್ನೆ, ಒಂದು ಕಡೆ ಐದಡಿ, ಸರಾಸರಿ ಎರಡೂವರೆ. ಹದಿನೆಂಟು ಸಾವಿರ ಘನ ಅಡಿ. ಅಂದರೆ ಒಂದು ಕ್ಯೂಸೆಕ್ ಐದು ಗಂಟೆ ಹರಿಯಬೇಕು. ಒಂದು ಕ್ಯೂಸೆಕ್ ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು ನೀರು. ಇದು ಅಚ್ಚುಕಟ್ಟಿನ ಮಗ್ಗಿ. ಹಾಗಾದರೆ ತಮ್ಮ ಎರಡು ಎಕರೆ ತೋಟಕ್ಕೆ ಎರಡೂವರೆ ಇಂಚು. ಲೆಕ್ಕ ಮುಗಿಯುವ ಹೊತ್ತಿಗೆ ಮೊಳಕಾಲುದ್ದ ನೀರಿನಲ್ಲಿದ್ದಾರೆ, ಹೇಗೆ ಇಳಿದರೆಂದು ಅವರಿಗೂ ತಿಳಿಯದು.

ಅಷ್ಟರಲ್ಲಿ ಸೈರನ್. ಗೋಡೆಯ ಹಿಂದಿನ ಕೋಣೆಗಳಲ್ಲಿ ಗಾಳಿ ಒತ್ತಿ ನೀರನ್ನು ನೂಕುತ್ತಾರೆ, ಅಲೆ ಏಳುತ್ತದೆ. ಕೊಳದ ತುಂಬ ಕೇಕೆ. ಅಜ್ಜ ಒಮ್ಮೆ ಮುಳುಗಿ ಎದ್ದು, ಮೂಗಿನಿಂದ ನೀರು ಸೀನಿ, ಪಕ್ಕದಲ್ಲಿದ್ದ ಕಾಲೇಜು ಹುಡುಗನ ಹೆಗಲು ಹಿಡಿದುಕೊಂಡು ಕೂಗುತ್ತಾರೆ: "ಬಿಟ್ರು ನೋಡು! ನೀರು ಬಿಟ್ರು!" ಒಂದಷ್ಟು ಹೊತ್ತಿಗೆ ಅಲೆ ನಿಲ್ಲುತ್ತದೆ.

"ಯಾಕಪ್ಪ ನಿಲ್ಸಿದ್ರು?"

"ಹಾಗೇ ಅಂಕಲ್, ಸ್ವಲ್ಪ ಹೊತ್ತು ಆನ್, ಸ್ವಲ್ಪ ಹೊತ್ತು ಆಫ್."

"ಇಲ್ಲೂನಾ!"

ಆದರೆ ಆಫ್ ಆದಾಗ ಕಾಯುವ ಅಭ್ಯಾಸ, ಕಾಲುವೆಯ ನೀರಿಗೂ ಹೀಗೇ ಪಾಳಿಯಲ್ಲಿ ಕಾದ ಇವರಿಗಿರುವಷ್ಟು ಆ ಕೊಳದಲ್ಲಿ ಬೇರಾರಿಗೂ ಇಲ್ಲ. ಹುಡುಗರು ಬೇಸತ್ತು ಬೇರೆ ಆಟಕ್ಕೆ ಹೋಗುತ್ತಾರೆ. ಅಜ್ಜ ಪಾಳಿ ಬಿಟ್ಟುಕೊಡುವುದಿಲ್ಲ. ಒಂದು ಪಾಳಿ, ಇನ್ನೊಂದು ಪಾಳಿ. ಮಗ ಬಂದು ಕರೆಯುತ್ತಾನೆ, "ಅಪ್ಪಾಜಿ, ಊಟದ ಹೊತ್ತಾಯ್ತು." "ನೀವು ಉಣ್ರಿ." ಸೊಸೆ ಬಂದು ಕರೆಯುತ್ತಾಳೆ, "ಮಾವ, ಪುಟ್ಟ ಮಲಗಿಬಿಟ್ಟ." "ಮಲಗ್ಲಿ ತಾಯಿ, ಎಬ್ಬಿಸಬ್ಯಾಡ." ಕೊನೆಗೆ ಬರುವುದು ಅಜ್ಜಿ. ಅವರು ದಂಡೆಯಲ್ಲಿ ನಿಂತು ಏನನ್ನೂ ಹೇಳುವುದಿಲ್ಲ, ಅನಾನಸ್ ಚಡ್ಡಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ ಅಷ್ಟೆ. ಅಜ್ಜ ಹೊರಗೆ ಬರುತ್ತಾರೆ.

ಕಾರಿನಲ್ಲಿ ಇವರ ಅಭಿಪ್ರಾಯ ಇಷ್ಟು: ವ್ಯವಸ್ಥೆ ಚೆನ್ನಾಗೈತೆ, ಆದರೆ ಅಷ್ಟು ನೀರಿಟ್ಕಂಡು ದಂಡೇಲಿ ನಾಲ್ಕು ಬಾಳೆ ಹಾಕಿಲ್ಲ. ಸಂತೇಬೆನ್ನೂರು ಹೊಂಡಕ್ಕೆ ಇಳಿದರೆ ಪುರಾತತ್ವ ಇಲಾಖೆಯವರು ಗದರುತ್ತಾರೆ, ಇಲ್ಲಿ ದುಡ್ಡು ಇಸ್ಕಂಡು ಇಳಿಸ್ತಾರೆ.

ಊರಿಗೆ ಮರಳಿದ ಮೇಲೆ ಅರಳೀಕಟ್ಟೆಯಲ್ಲಿ ಇವರು ಅದನ್ನೆಲ್ಲ ಗಂಭೀರವಾಗಿ ವರದಿ ಮಾಡುತ್ತಾರೆ: ಕ್ಯೂಸೆಕ್ಕು, ಲೈನಿಂಗು, ಫಿಲ್ಟರು. ಕೊನೆಯಿಲ್ಲದ ಕಾಲುವೆಯ ಸುದ್ದಿಗೆ ಸಭೆ ತಲೆದೂಗುತ್ತದೆ. ಒಬ್ಬರು ನೀರು ಬೋರಿನದೋ ಹೊಳೆಯದೋ ಎಂದು ಕೇಳುತ್ತಾರೆ, ಅದರ ಮೇಲೆ ಜಗಳವೂ ಆಗುತ್ತದೆ. ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಪಕ್ಕದ ತೋಟದವರು, ಎಲ್ಲ ತಣ್ಣಗಾಗುವವರೆಗೂ ತಾಳಿಕೊಂಡಿದ್ದು, ಆಮೇಲೆ ತಲೆಯೆತ್ತುತ್ತಾರೆ.

"ಅದೆಲ್ಲ ಸರಿ ಯಜಮಾನ್ರೆ, ಆ ಚಡ್ಡಿ ಎಷ್ಟಕ್ಕೆ ತಗಂಡ್ರಿ?"