ಜ್ವಾಳಕ್ಕ ಶ್ರೀ ಹಚ್ಚ್ಯಾರ

(ಸವದತ್ತಿ ಸೀಮೆಯ ಒಂದು ರೇಷನ್ ಅಂಗಡಿ ಕಟ್ಟೆ. ಆಹಾರ ನೀತಿ ಅಳೆಯಲು ಬಂದ ಸಾಹೇಬರ ಒಂದು ಕೈಯಲ್ಲಿ ಫಾರ್ಮು, ಇನ್ನೊಂದರಲ್ಲಿ ಕ್ರೀಮ್ ಬಿಸ್ಕೀಟು.)

ಸಾಹೇಬರು: ಅಮ್ಮಾ, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಗೊತ್ತಾ?

ಅವ್ವ: ಹಂಗಂದ್ರ ಏನ್ರೀ?

ಸಾಹೇಬರು: ಜೋಳ, ಸಜ್ಜೆ, ನವಣೆ ತಿನ್ನಬೇಕು. ಬಜೆಟ್ಟಿನಲ್ಲೇ ‘ಶ್ರೀ ಅನ್ನ’ ಅಂತ ಕರೆದಿದ್ದಾರೆ.

ಅವ್ವ: ದಿನಾ ಬಡಿಯೂ ರೊಟ್ಟಿಗೆ ಶ್ರೀ ಹಚ್ಚ್ಯಾರ? ಛಲೋ ಆತ್ರಿ. ಮತ್ತ ಈ ಚೀಲದಾಗ?

ಸಾಹೇಬರು: ಅಕ್ಕಿ.

ಅವ್ವ: ಹ್ವಾದ ತಿಂಗಳಾ?

ಸಾಹೇಬರು: (ಕೆಮ್ಮಿ) ಅಕ್ಕಿ. ಆದರೆ 2013ರ ಆಹಾರ ಭದ್ರತಾ ಕಾಯ್ದೆ ನೋಡಿ: ಅಕ್ಕಿ 3 ರೂಪಾಯಿ, ಗೋಧಿ 2, ಜೋಳದಂಥ ಒರಟು ಧಾನ್ಯ ಬರೀ 1! ಈಗಂತೂ ಪುಕ್ಕಟೆ.

ಅವ್ವ: ಸಿಗಲಾರದ್ದು ಎಷ್ಟು ಸೋವಿ ಇದ್ರೇನ್ರಿ? ಕಾಯ್ದೆ ನಾದಿ ರೊಟ್ಟಿ ಬಡ್ಯಾಕ ಬರ್ತೈತೇನು?

(ಮೊಮ್ಮಗ ಐದು ರೂಪಾಯಿಯ ಕುರುಕಲು ಪೊಟ್ಟಣ ಹಲ್ಲಿನಲ್ಲಿ ಹರಿಯುತ್ತಾನೆ. ಮಸಾಲೆ ಪುಡಿ ಅಂಗಿ ಮೇಲೆಲ್ಲ.)

ಸಾಹೇಬರು: ಇದಕ್ಕೂ ನೀತಿ ಇದೆ! ತಿನಿಸು ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಅಂತ ಪೊಟ್ಟಣಕ್ಕೆ ನಕ್ಷತ್ರ ಹಚ್ಚುವ ಕರಡು 2022ರಲ್ಲೇ ಬಂತು. ಅರ್ಧದಿಂದ ಐದರವರೆಗೆ.

ಅವ್ವ: ಉಪ್ಪು, ಎಣ್ಣಿ ಜಾಸ್ತಿ ಇದ್ದದ್ದಕ್ಕೂ ಅರ್ಧ ಚಿಕ್ಕಿ? ನಮ್ಮ ಪುಂಡಿಪಲ್ಯಾಕ ಎಷ್ಟ್ರಿ?

ಸಾಹೇಬರು: ಅದಕ್ಕೆ ಪೊಟ್ಟಣ ಇಲ್ವಲ್ಲ. (ಬರೆಯುತ್ತ) ‘ಗ್ರಾಮಸ್ಥರಲ್ಲಿ ಅರಿವು ಮೂಡಿದೆ.’ ಇಲ್ಲಿ ಹೆಬ್ಬೆಟ್ಟು ಒತ್ತಿ.

ಅವ್ವ: ಸಹಿ ಮಾಡ್ತೀನಿ, ತರ್‍ರಿ. ಮೊದಲ ಆ ಬಿಸ್ಕೀಟ ಕೆಳಗಿಡ್ರಿ, ಫಾರ್ಮಿಗೆ ಕ್ರೀಮ್ ಹತ್ತೈತಿ.